ಸೇತುವೆ ಬಂತು, ಇನ್ನು ಊರಿನ ಗೇಟು ನಮ್ಮ ಕೈಯಲ್ಲಿ

2025ರ ಜುಲೈ 14ಕ್ಕೆ ನಮ್ಮ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆ ಆಯಿತು. ಶರಾವತಿ ಹಿನ್ನೀರಿನ ಮೇಲೆ 2.44 ಕಿಲೋಮೀಟರ್ ಉದ್ದ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ನೀರು ಸುತ್ತುವರಿದು ದ್ವೀಪದ ಹಾಗಾಗಿದ್ದ ನಮ್ಮ ಕರೂರು ಕಡೆಯ ಊರುಗಳಿಗೆ 60 ವರ್ಷದ ಮೇಲೆ ಸಾಗರ ಪೇಟೆಯ ದಾರಿ ಹತ್ತಿರವಾಯಿತು. ಸೇತುವೆ ಯಾಕೆ ಬೇಕಿತ್ತು ಅಂತ ಕೇಳುವ ಪರಿಸರಪ್ರೇಮಿಗಳು ಈಗಲೂ ಸಿಗುತ್ತಾರೆ. ಅವರು ಒಂದು ರಾತ್ರಿ ಹೆರಿಗೆ ನೋವು ತಿನ್ನುವ ಹೆಂಗಸನ್ನು ಜೀಪಿನಲ್ಲಿ ಕೂರಿಸಿಕೊಂಡು ದಡದಲ್ಲಿ ಕಾದು ನೋಡಬೇಕಿತ್ತು.

ಆದರೆ ಸೇತುವೆಗೆ ಮೊದಲು ಜನ, ವಾಹನಗಳನ್ನು ಹಿನ್ನೀರು ದಾಟಿಸುತ್ತಿದ್ದ ಲಾಂಚ್ ನಮಗೆ ಗೊತ್ತಿಲ್ಲದೆ ಒಂದು ಕೆಲಸ ಮಾಡುತ್ತಿತ್ತು. ಅದು ಊರಿನ ಗೇಟಾಗಿತ್ತು. ಒಂದು ಸಲಕ್ಕೆ ಇಷ್ಟೇ ಕಾರು, ಇಷ್ಟೇ ಜನ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ವಾಹನ ಹತ್ತಿಸುತ್ತಲೇ ಇರಲಿಲ್ಲ. ಸಿಗಂದೂರು ದೇವಸ್ಥಾನಕ್ಕೆ ಬಂದವರೆಲ್ಲ ವಾಚ್ ನೋಡಿಕೊಂಡು ಸಂಜೆ ಕೊನೆ ಲಾಂಚಿಗೆ ಓಡುತ್ತಿದ್ದರು, ಅದು ಆ ಕಡೆ ಹೋದ ಮೇಲೆ ಊರು ಮತ್ತೆ ನಮ್ಮದು. ಈಗ ರಾತ್ರಿ ಹನ್ನೊಂದಕ್ಕೂ ಕಾರು ಬರುತ್ತದೆ. ಗೂಗಲ್ ಮ್ಯಾಪ್ ನೋಡಿಕೊಂಡು ನಮ್ಮ ಅಂಗಳಕ್ಕೇ ಬಂದು ನಿಲ್ಲಿಸಿ, 'ಇಲ್ಲಿ ವ್ಯೂ ಪಾಯಿಂಟ್ ಎಲ್ಲಿ' ಅಂತ ಕೇಳಿದವರಿದ್ದಾರೆ.

ನಾನು ಎರಡು ಕೋಣೆಯ ಹೋಂಸ್ಟೇ ನಡೆಸುವವನು, ಅಂದರೆ ಪ್ರವಾಸಿಗರಿಂದಲೇ ಒಂದಿಷ್ಟು ಸಂಸಾರ ನಡೆಯುವವನು. ಹಾಗಾಗಿ ಇದು ಪ್ರವಾಸಿಗರನ್ನು ಬೈಯುವ ಬರಹ ಅಂತ ಓದಬೇಡಿ. ನಿಮ್ಮೂರಿಗೂ ರಸ್ತೆ ಅಗಲವಾಗುತ್ತಿದ್ದರೆ, ಯಾರೋ ಒಬ್ಬರು ನಿಮ್ಮೂರ ಅಬ್ಬಿ ಫಾಲ್ಸ್‌ನ ರೀಲ್ಸ್ ಹಾಕಿ ಅದು ಓಡಿಬಿಟ್ಟಿದ್ದರೆ, ಈ ಕೆಳಗಿನ ಕೆಲಸಗಳನ್ನು ಈಗಲೇ ಶುರುಮಾಡಿ. ಜನ ಬಂದ ಮೇಲೆ ಮಾಡೋಣ ಅಂದರೆ ಆಗುವುದಿಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೆಜ್ಜೆ 1: ಮೊದಲು ಜಗಲಿಯಲ್ಲಿ ಕೂತು ಮೂರು ಪಟ್ಟಿ ಮಾಡಿ

ಒಂದು ನೋಟ್‌ಬುಕ್ ತಗೊಳ್ಳಿ. ಊರಿನ ಹಿರಿಯರ ಹತ್ತಿರ ಹೋಗಿ. ಗಂಡಸರ ಹತ್ತಿರ ಮಾತ್ರ ಹೋಗಬೇಡಿ, ಅವರಿಗೆ ದೇವಸ್ಥಾನ ಮತ್ತು ಗಡಿ ಕಲ್ಲು ಬಿಟ್ಟರೆ ಜಾಸ್ತಿ ನೆನಪಾಗುವುದಿಲ್ಲ. ಹೆಂಗಸರನ್ನು ಕೇಳಿ. ನಮ್ಮಲ್ಲಿ ಪಟ್ಟಿಯ ಮುಕ್ಕಾಲು ಪಾಲು ಬಂದದ್ದು ಅಡಿಕೆ ಸುಲಿಯಲು ಕೂತಿದ್ದ ಐದಾರು ಅಕ್ಕಂದಿರಿಂದ.

ಮೊದಲ ಪಟ್ಟಿ, ಯಾರು ಬೇಕಾದರೂ ನೋಡಬಹುದಾದದ್ದು: ತೋಟ, ಗದ್ದೆ, ಕೆರೆ ದಂಡೆ, ಆಲೆಮನೆ, ಹಿನ್ನೀರಿನ ಬಯಲು. ಎರಡನೇದು, ಕೇಳಿ ಒಪ್ಪಿಗೆ ತಗೊಂಡು ನೋಡಬಹುದಾದದ್ದು: ಮನೆಯ ಒಳಗು, ಹಸೆಗೋಡೆ (ಮದುವೆಗೆ ಚಿತ್ತಾರ ಬರೆದ ಗೋಡೆ), ದನದ ಕೊಟ್ಟಿಗೆ, ಮದುವೆ ಚಪ್ಪರ, ದೇವಸ್ಥಾನದ ಅಂಗಳ. ಮೂರನೇದು, ಹೊರಗಿನವರಿಗೆ ತೋರಿಸುವುದೇ ಇಲ್ಲ ಅನ್ನುವುದು: ಚೌಡಿ ಬನ, ನಾಗರ ಬನ, ಸುಡುಗಾಡು, ಸೂತಕದ ಮನೆ, ಹೆಂಗಸರು ಬಟ್ಟೆ ಒಗೆದು ಮೀಯುವ ಹಳ್ಳದ ಗುಂಡಿ. ಈ ಕೊನೆಯದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ನಾನು ಅದನ್ನೇ 'ನ್ಯಾಚುರಲ್ ಪೂಲ್' ಅಂತ ಎರಡು ಬಾರಿ ಅತಿಥಿಗಳಿಗೆ ತೋರಿಸಿದ್ದೆ! ಅಕ್ಕಂದಿರು ಆ ಎರಡು ವಾರ ಬಟ್ಟೆಯನ್ನು ಮನೆ ಬಾವಿಯಲ್ಲಿ ಒಗೆದಿದ್ದರಂತೆ, ನನಗೆ ಹೇಳಲು ಮುಜುಗರ.

ಮೂರನೇ ಪಟ್ಟಿಯಲ್ಲಿ ಏನಿದೆ ಅಂತ ಬೋರ್ಡ್ ಹಾಕಬೇಡಿ. 'ಪ್ರವೇಶವಿಲ್ಲ' ಅಂತ ಬರೆದರೆ ಅಲ್ಲಿಗೇ ಮೊದಲು ಹೋಗುತ್ತಾರೆ. ದಾರಿಗೆ ಒಂದು ದಣಪೆ (ಅಡ್ಡಗಳು ಹಾಕಿದ ಗೇಟು) ಇಡಿ, ಸಾಕು. ದಣಪೆ ದಾಟಲು ಕಾಲೆತ್ತಬೇಕಾದಾಗ ಯಾರಿಗಾದರೂ ಇದು ಇನ್ನೊಬ್ಬರ ಜಾಗ ಅಂತ ಒಂದು ಕ್ಷಣ ಅನ್ನಿಸುತ್ತದೆ.

ಬನ, ದೇವರಕಾಡುಗಳಿಗೆ ಒಂದು ಕಾಗದದ ಬಲವೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯಿತಿಯಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಬಹಳ ಕಡೆ ಅದು ಹೆಸರಿಗಷ್ಟೇ ಇರುತ್ತದೆ. ನಿಮ್ಮ ಬನಗಳನ್ನು, ಅಲ್ಲಿನ ಮರಗಳನ್ನು ಆ ಸಮಿತಿಯ ದಾಖಲೆಯಲ್ಲಿ ಬರೆಸಿ. ನಮ್ಮ ಸೀಮೆಯ ಅಂಬಾರಗುಡ್ಡವನ್ನು ಸರ್ಕಾರ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದ್ದೂ ಇದೇ ಕಾಯ್ದೆಯಡಿ.

ಹೆಜ್ಜೆ 2: ಊರಿನ ಗಡಿಯಾರವನ್ನು ಅಲುಗಾಡಿಸಬೇಡಿ

ಇದನ್ನು ಸ್ವಲ್ಪ ಉದ್ದವಾಗಿ ಹೇಳಬೇಕು, ಯಾಕೆಂದರೆ ಇಲ್ಲೇ ನಾನು ಎಡವಿದ್ದು.

ನಮ್ಮ ಮಲೆನಾಡಲ್ಲಿ ದೀಪಾವಳಿಗೆ ಅಂಟಿಗೆ ಪಂಟಿಗೆ ಬರುತ್ತಾರೆ. ಊರ ದೇವರ ಮುಂದೆ ದೀಪ ಹಚ್ಚಿಕೊಂಡು, ಅದು ಆರದ ಹಾಗೆ ಕಾಯ್ದುಕೊಂಡು, ಪದ ಹೇಳುತ್ತಾ ರಾತ್ರಿಯಿಡೀ ಮನೆಯಿಂದ ಮನೆಗೆ ನಡೆಯುತ್ತಾರೆ. ನಮ್ಮ ಮನೆಗೆ ಬರುವಷ್ಟರಲ್ಲಿ ಎರಡೋ ಮೂರೋ ಗಂಟೆ. ಬಾಗಿಲು ತೆಗೆದು, ದೀಪಕ್ಕೆ ಎಣ್ಣೆ ಎರೆದು, ನಮ್ಮ ಮನೆ ದೀಪವನ್ನು ಅದರಿಂದ ಹಚ್ಚಿಕೊಂಡು, ಅಕ್ಕಿ, ಕಡುಬು, ದುಡ್ಡು ಕೊಟ್ಟು ಕಳಿಸುತ್ತೇವೆ. 2023ರಲ್ಲಿ ನಮ್ಮಲ್ಲಿ ಉಳಿದಿದ್ದ ನಾಲ್ಕು ಜನ ಅತಿಥಿಗಳು ಇದನ್ನು ಕೇಳಿ ಬಹಳ ಖುಷಿಪಟ್ಟರು. ಆದರೆ ಮಾರನೇ ದಿನ ಬೆಳಿಗ್ಗೆ ಬೇಗ ಹೊರಡಬೇಕು, 'ಒಂಬತ್ತು ಗಂಟೆಗೆ ಬರಲಿಕ್ಕೆ ಹೇಳಬಹುದಾ' ಅಂತ ಕೇಳಿದರು. ಕೆಟ್ಟ ಮನಸ್ಸಿಂದ ಏನಲ್ಲ. ನಾನೂ ಪಾಪ ಅಂತ ತಂಡದ ಹುಡುಗರಿಗೆ ಫೋನ್ ಮಾಡಿದೆ. ನಮ್ಮ ಮನೆಗೇ ಮೊದಲು ಬಂದರು. ಒಂಬತ್ತಕ್ಕೆ ಸರಿಯಾಗಿ. ಅತಿಥಿಗಳು ವಿಡಿಯೋ ಮಾಡಿಕೊಂಡರು, ಚೆನ್ನಾಗಿ ದುಡ್ಡೂ ಕೊಟ್ಟರು.

ಅಜ್ಜಿ ಆ ರಾತ್ರಿ ಏನೂ ಅನ್ನಲಿಲ್ಲ. ಬೆಳಿಗ್ಗೆ ಕಾಫಿ ಕೊಡುವಾಗ ಹೇಳಿದಳು, 'ದೀಪ ಬರ್ತದೆ ಅಂತ ನಾವು ಕಾಯೋದು ಮಗಾ. ದೀಪಕ್ಕೆ ನಾವು ಟೈಮ್ ಕೊಡೋದಲ್ಲ.'

ಆಮೇಲೆ ತಿಳಿಯಿತು, ಪ್ರತಿ ವರ್ಷ ಮೊದಲು ದೀಪ ಹೋಗುತ್ತಿದ್ದ ಮೇಲಿನಕೇರಿ ಮನೆಯವರು ಅವತ್ತು ಹನ್ನೊಂದೂವರೆ ತನಕ ಕಾದು ಕೂತಿದ್ದರು ಅಂತ.

ಅವತ್ತಿನಿಂದ ನನ್ನ ಅಳತೆಗೋಲು ಇದು. ಊರಿನ ಆಚರಣೆ ಹಾಳಾಗುತ್ತಿದೆಯೋ ಇಲ್ಲವೋ ಅಂತ ನೋಡಲು ದೊಡ್ಡ ಚರ್ಚೆ ಬೇಡ, ಯಾವ ಯಾವ ಕೆಲಸದ ಹೊತ್ತು ಅತಿಥಿಗಳಿಗಾಗಿ ಬದಲಾಗಿದೆ ಅಂತ ಎಣಿಸಿ ನೋಡಿ. ಪೂಜೆ ಹಿಂದೆ ಮುಂದೆ ಹೋಯಿತಾ? ಹಬ್ಬ ಶನಿವಾರಕ್ಕೆ ಜರುಗಿತಾ? ಗದ್ದೆ ನಾಟಿ ವೀಕೆಂಡಿಗೆ ಕಾಯುತ್ತಿದೆಯಾ? ಹಾಡು, ಬಣ್ಣ, ಬಟ್ಟೆ ಎಲ್ಲ ಹಾಗೇ ಇದ್ದರೂ ಹೊತ್ತು ಬದಲಾಯಿತು ಅಂದರೆ ಅದು ಯಾರಿಗಾಗಿ ನಡೆಯುತ್ತಿದೆ ಅನ್ನುವುದು ಬದಲಾಯಿತು ಅಂತಲೇ. (ಯಕ್ಷಗಾನ ರಾತ್ರಿಯಿಡೀ ಇದ್ದದ್ದು ಮೂರು ಗಂಟೆಯ ಕಾಲಮಿತಿ ಆಗಿದೆಯಲ್ಲ ಅಂತ ಕೇಳಬಹುದು. ಅದು ನಮ್ಮವರೇ ಬೆಳಿಗ್ಗೆ ಆಫೀಸಿಗೆ ಹೋಗಬೇಕು ಅಂತ ನಮಗಾಗಿ ಮಾಡಿಕೊಂಡದ್ದು. ನನಗೆ ಅದರ ಬಗ್ಗೆಯೂ ಬೇಜಾರಿದೆ, ಆದರೆ ಅದು ಬೇರೆ ಜಗಳ.)

ಹಾಗಾದರೆ ಮಾಡುವುದೇನು?

ಯುಗಾದಿಗೆ ಹೊಸ ಪಂಚಾಂಗ ಕೈಗೆ ಬಂದ ದಿನವೇ ಕೂತು ವರ್ಷದ ಮುಚ್ಚಿದ ದಿನಗಳನ್ನು ಗುರುತು ಹಾಕಿ. ನಮ್ಮಲ್ಲಿ ಭೂಮಿ ಹುಣ್ಣಿಮೆ, ದೀಪಾವಳಿಯ ಮೂರು ರಾತ್ರಿ, ಚೌಡಿ ಪೂಜೆ, ಊರ ದೇವರ ಕಾರ್ಯ. ಆ ತಾರೀಖುಗಳನ್ನು ಬುಕಿಂಗ್ ಆ್ಯಪ್‌ನಲ್ಲಿ ಆವತ್ತೇ ಬ್ಲಾಕ್ ಮಾಡಿ. ಹಬ್ಬ ಹತ್ತಿರ ಬಂದಾಗ ಮಾಡೋಣ ಅಂದರೆ ಅಷ್ಟರಲ್ಲಿ ಯಾರೋ ಅಡ್ವಾನ್ಸ್ ಹಾಕಿರುತ್ತಾರೆ, ದುಡ್ಡು ವಾಪಸ್ ಕೊಡಲು ನಮಗೂ ಮನಸ್ಸು ಬರುವುದಿಲ್ಲ. ಮುಚ್ಚಿದ ದಿನ ಯಾರೂ ಬರಲೇಬಾರದು ಅಂತಲ್ಲ. ಎರಡು ಮೂರು ಸಲ ಬಂದು ನೆಂಟರ ಹಾಗಾದವರು ಬರಲಿ, ಆದರೆ ಅವತ್ತು ಅವರಿಂದ ಒಂದು ರೂಪಾಯಿಯೂ ತಗೊಳ್ಳಬಾರದು. ದುಡ್ಡು ಕೊಟ್ಟವರು ಕೇಳಲು ಶುರುಮಾಡುತ್ತಾರೆ, ನೆಂಟರು ಕಾಯುತ್ತಾರೆ.

ದಿನದ ಹೊತ್ತನ್ನೂ ಹೀಗೆ ಗಟ್ಟಿ ಮಾಡಿ. ಅತಿಥಿಗಳು ಸಂಜೆ ಆರರ ಒಳಗೆ ಬಂದು ಸೇರಬೇಕು, ಹೊಸ ಗಾಡಿ ಆಮೇಲೆ ಊರೊಳಗೆ ಬರುವುದಿಲ್ಲ. ರಾತ್ರಿ ಊಟ ಎಂಟಕ್ಕೆ, ಒಂಬತ್ತಕ್ಕೆ ಸದ್ದು ಬಂದ್. ಅಂದರೆ ಕೊನೆ ಲಾಂಚನ್ನು ನಾವೇ ಮತ್ತೆ ಬಿಟ್ಟ ಹಾಗೆ. ನಮ್ಮ ಈ ನಿಯಮಕ್ಕೆ ಬೈದುಕೊಂಡು ಬುಕಿಂಗ್ ಬಿಟ್ಟವರು ಇದ್ದಾರೆ. ಇರಲಿ.

ಹೊತ್ತು ಬಿಡದೆಯೂ ಜನ ಬರುತ್ತಾರಾ ಅನ್ನುವ ಅನುಮಾನ ಇದ್ದರೆ ನಮ್ಮದೇ ತಾಲ್ಲೂಕಿನ ಹೆಗ್ಗೋಡು ನೋಡಿ. ಅಲ್ಲಿನ ನಾಟಕ ಸಂಸ್ಥೆ ನೀನಾಸಮ್ ಶುರುವಾದದ್ದು 1949ರಲ್ಲಿ. ಎಷ್ಟೋ ದಶಕದಿಂದ ಎಲ್ಲೆಲ್ಲಿಂದಲೋ ಜನ ಆ ಸಣ್ಣ ಊರಿಗೆ ಬರುತ್ತಾರೆ, ನಾಟಕ ನೋಡುತ್ತಾರೆ, ಶಿಬಿರದಲ್ಲಿ ಕೂರುತ್ತಾರೆ. ಬಂದವರು ಅಲ್ಲಿನ ಗಂಟೆಗೆ ಏಳುತ್ತಾರೆ, ಅಲ್ಲಿನ ಗಂಟೆಗೆ ಊಟಕ್ಕೆ ಸಾಲು ನಿಲ್ಲುತ್ತಾರೆ.

ಹೆಜ್ಜೆ 3: ಎಷ್ಟು ಜನ ಅನ್ನುವುದನ್ನು ಬಾವಿ ಹತ್ತಿರ ಕೇಳಿ

ಸುತ್ತಲೂ ಹಿನ್ನೀರು, ಆದರೂ ಏಪ್ರಿಲ್-ಮೇ ತಿಂಗಳಲ್ಲಿ ಕುಡಿಯುವ ನೀರಿಗೆ ತತ್ವಾರ. ನಗಬೇಡಿ, ಇದು ನಿಜ. ಅದಕ್ಕೆ ನಾವು ಊರಿಗೆ ಎಷ್ಟು ಜನ ತಡೆಯುತ್ತದೆ ಅನ್ನುವ ಲೆಕ್ಕವನ್ನು ಅಕ್ಟೋಬರ್ ತಿಂಗಳಲ್ಲಿ ಮಾಡುವುದಿಲ್ಲ, ಮೇ ತಿಂಗಳಲ್ಲಿ ಮಾಡುತ್ತೇವೆ. ಬಾವಿ ಹಗ್ಗಕ್ಕೆ ಗಂಟು ಹಾಕಿ ವಾರಕ್ಕೊಮ್ಮೆ ನೀರು ಎಷ್ಟು ಗಂಟು ಕೆಳಗೆ ಹೋಯಿತು ಅಂತ ಬರೆದಿಡಿ. ಪೇಟೆಯಿಂದ ಬಂದವರು ಷವರ್ ತಿರುಗಿಸಿ ಹತ್ತು ನಿಮಿಷ ನಿಂತರೆ ಎಷ್ಟು ನೀರು ಹೋಗುತ್ತದೆ ಅಂತ ಒಂದು ಸಲ ಬಕೆಟ್ ಇಟ್ಟು ನೋಡಿ, ನನಗೆ ಗಾಬರಿಯೇ ಆಯಿತು. ಈಗ ನಮ್ಮಲ್ಲಿ ಷವರ್ ಇಲ್ಲ. ಹಂಡೆ ನೀರು, ತಂಬಿಗೆ. ಅದನ್ನೇ ಎಲ್ಲರೂ ಹೊಗಳಿ ಬರೆಯುತ್ತಾರೆ ನೋಡಿ!

ಒಟ್ಟು ಊರಿನ ಹಾಸಿಗೆಗಳ ಲೆಕ್ಕಕ್ಕೆ ಒಂದು ಮಿತಿ ಹಾಕಿ, ಅದನ್ನು ಎಲ್ಲ ಮನೆಯವರೂ ಒಪ್ಪಬೇಕು. ಮಿತಿ ನೀವೇ ಹಾಕದಿದ್ದರೆ ಬೇರೆಯವರು ಹಾಕುತ್ತಾರೆ. 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯ ಹಾಗೆ ಜನ ಸಾಲು ನಿಂತಿದ್ದ ವಿಡಿಯೋ ನೀವೂ ನೋಡಿರುತ್ತೀರಿ. ಫೆಬ್ರವರಿ ಶುರುವಾಗುವಾಗ ಅರಣ್ಯ ಇಲಾಖೆ ಅಲ್ಲಿ ಚಾರಣವನ್ನೇ ನಿಲ್ಲಿಸಿತು. ಆಮೇಲೆ ಆನ್‌ಲೈನ್ ಬುಕಿಂಗ್, ಒಂದು ದಾರಿಗೆ ದಿನಕ್ಕೆ 300 ಜನ ಅನ್ನುವ ಲೆಕ್ಕ ಬಂತು. ಮಿತಿ ಒಳ್ಳೆಯದೇ, ಆದರೆ ದಿಢೀರನೆ ನಿಲ್ಲಿಸಿದಾಗ ಗೈಡ್ ಕೆಲಸ ಮಾಡುವ, ಊಟ ಕೊಡುವ ಮನೆಗಳ ಗತಿ ಏನು?

ಹೆಜ್ಜೆ 4: ಬಾಯಿಮಾತು ಬೇಡ, ಗ್ರಾಮಸಭೆಯಲ್ಲಿ ಬರೆಸಿ

ಊರಿನ ವಾಟ್ಸಾಪ್ ಗ್ರೂಪಲ್ಲಿ 'ಓಕೆ' ಅಂತ ಹಾಕಿದ್ದು ನಿಯಮ ಆಗುವುದಿಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ವಾರ್ಡ್ ಸಭೆ, ಗ್ರಾಮಸಭೆ ಎರಡೂ ಇವೆ. ಮೊದಲು ವಾರ್ಡ್ ಸಭೆಯಲ್ಲಿ ಮಾತಾಡಿ, ಜಗಳ ಅಲ್ಲೇ ಮುಗಿಯಲಿ. ಆಮೇಲೆ ಗ್ರಾಮಸಭೆಗೆ ತಗೊಂಡು ಹೋಗಿ ನಡಾವಳಿ ಪುಸ್ತಕದಲ್ಲಿ ಬರೆಸಿ, ಪಿಡಿಒ ಹತ್ತಿರ ನಕಲು ತಗೊಂಡು ಇಟ್ಟುಕೊಳ್ಳಿ.

ಬರೆಸಬೇಕಾದದ್ದು ಜಾಸ್ತಿ ಏನಿಲ್ಲ. ಗಾಡಿ ಎಲ್ಲಿ ನಿಲ್ಲಿಸಬೇಕು, ಮೈಕ್ ಮತ್ತು ಡ್ರೋನ್‌ಗೆ ಯಾರನ್ನು ಕೇಳಬೇಕು, ಕಸ ಯಾರ ಜವಾಬ್ದಾರಿ, ಒಟ್ಟು ಹಾಸಿಗೆ ಎಷ್ಟು. ಇಷ್ಟೇ ಇರಲಿ. 25 ನಿಯಮ ಮಾಡಿದ ಊರಿನಲ್ಲಿ ಒಂದನ್ನೂ ಪಾಲಿಸುವುದಿಲ್ಲ.

ಸಭೆಗೆ ಹೋಂಸ್ಟೇ ಇಲ್ಲದವರು ಬರುವ ಹಾಗೆ ನೋಡಿಕೊಳ್ಳಿ. ಪ್ರವಾಸದಿಂದ ದುಡ್ಡು ನೋಡದೆ ಧೂಳು, ಸದ್ದು ಮಾತ್ರ ನೋಡುವವರು ಅವರೇ.

ಹೆಜ್ಜೆ 5: ದುಡ್ಡು ಎಷ್ಟು ಕೈ ದಾಟುತ್ತದೆ ನೋಡಿ

ಒಂದೇ ಮನೆಯಲ್ಲಿ ಹತ್ತು ಕೋಣೆ ಆದರೆ ಅದು ಲಾಡ್ಜ್. ಐದು ಮನೆಯಲ್ಲಿ ಎರಡೆರಡು ಕೋಣೆ ಆದರೆ ಊರು. ನನ್ನ ಅಭಿಪ್ರಾಯ ಇದು, ಒಪ್ಪದವರು ಇದ್ದಾರೆ.

ನಮ್ಮಲ್ಲಿ ಹೀಗೆ ಮಾಡಿಕೊಂಡಿದ್ದೇವೆ. ಮಲಗುವುದು ನಮ್ಮ ಮನೆಯಲ್ಲಿ. ಬೆಳಗಿನ ತಿಂಡಿಯ ರೊಟ್ಟಿ ಕೆಳಗಿನಮನೆ ಅಕ್ಕನದು. ಹಿನ್ನೀರಿನ ಮೀನು ಹಿಡಿಯುವ ಮನೆಯವರಿಂದಲೇ ಮೀನು, ಸಾಗರ ಪೇಟೆಯಿಂದ ತರುವುದಿಲ್ಲ. ಜೇನು, ಜೋನಿಬೆಲ್ಲ, ಹಲಸಿನ ಹಪ್ಪಳ ಮಾಡಿದವರ ಹೆಸರಲ್ಲೇ ಮಾರಾಟ, ನಾವು ನಡುವೆ ಕಮಿಷನ್ ಇಡುವುದಿಲ್ಲ. ನಡೆದಾಡಿಸಲು ಊರಿನ ಇಬ್ಬರು ಹುಡುಗರು ಸರದಿ ಪ್ರಕಾರ. ಇದರ ಮೇಲೆ, ಒಬ್ಬ ಅತಿಥಿಗೆ ರಾತ್ರಿಗೆ 100 ರೂಪಾಯಿಯ ಹಾಗೆ ಊರೊಟ್ಟಿನ ಡಬ್ಬಿಗೆ. ಲೆಕ್ಕ ದೇವಸ್ಥಾನದ ಕಟ್ಟೆ ಮೇಲೆ ಎಲ್ಲರ ಎದುರು ಓದುತ್ತೇವೆ. ಮೊದಲ ವರ್ಷದ ದುಡ್ಡಲ್ಲಿ ಮಳೆಗಾಲಕ್ಕೆ ಶಾಲೆ ಮಕ್ಕಳು ದಾಟುವ ಕಾಲುಸಂಕ ಗಟ್ಟಿ ಮಾಡಿಸಿದೆವು. ಪ್ರವಾಸಿಗರನ್ನು ಕಂಡರಾಗದ ದೊಡ್ಡಪ್ಪ ಒಬ್ಬರಿದ್ದರು, ಆ ಸಂಕದ ಮೇಲೆ ಒಮ್ಮೆ ನಡೆದ ಮೇಲೆ ಬೈಗುಳ ಅರ್ಧಕ್ಕೆ ಇಳಿದಿದೆ.

ಜಾಗ ಮಾರುವ ವಿಷಯ. ರಸ್ತೆ ಬಂತು ಅಂದ ಕೂಡಲೇ ಕಾರಿನಲ್ಲಿ ದಲ್ಲಾಳಿಗಳು ಬರುತ್ತಾರೆ, ಎಕರೆಗೆ ನಾವು ಕೇಳದಿದ್ದ ರೇಟು ಹೇಳುತ್ತಾರೆ. ಮುಳುಗಡೆಯಾಗಿ ಒಮ್ಮೆ ಜಾಗ ಕಳೆದುಕೊಂಡ ಮನೆತನದವರು ನಾವು. ಹಕ್ಕುಪತ್ರಕ್ಕಾಗಿ ಇವತ್ತಿಗೂ ಓಡಾಡುವವರು ನಮ್ಮ ನಡುವೆಯೇ ಇದ್ದಾರೆ. ಮಾರಬೇಡಿ ಅಂತ ಯಾರಿಗೂ ಹೇಳುವ ಹಕ್ಕು ನನಗಿಲ್ಲ, ಮಗಳ ಮದುವೆ, ಆಸ್ಪತ್ರೆ ಖರ್ಚು ಯಾರಿಗೆ ತಪ್ಪಿದ್ದು. ಆದರೆ ಮಾರುವ ಮೊದಲು ಊರಿನವರಿಗೆ ಒಂದು ಮಾತು ಹೇಳಿ. ಸಾಧ್ಯವಾದರೆ ಲೀಸಿಗೆ ಕೊಡಿ.

ಹೆಜ್ಜೆ 6: ಕಾಗದ ಪತ್ರ

ಇದನ್ನು ಬೇಗ ಮುಗಿಸುತ್ತೇನೆ. ಹೋಂಸ್ಟೇಗೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿ. ಮನೆಯವರು ಅದೇ ಮನೆಯಲ್ಲಿ ವಾಸ ಇರಬೇಕು. ಊಟ ಕೊಡುತ್ತೀರಿ ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ. ಬಂದವರ ಗುರುತಿನ ಚೀಟಿ ನೋಡಿ ಪುಸ್ತಕದಲ್ಲಿ ಬರೆಯಿರಿ. ವಿದೇಶದವರು ಬಂದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ಹೆಂಡ ಮಾರಬೇಡಿ. ಅರಣ್ಯದ ಜಾಗದಲ್ಲಿ ಟೆಂಟ್ ಕೂಡ ಹಾಕಬೇಡಿ, ಶರಾವತಿ ಕಣಿವೆಯ ಅಭಯಾರಣ್ಯ ಇರುವುದೇ ನಮ್ಮ ಬೆನ್ನಿಗೆ.

ಇದೆಲ್ಲ ಯಾಕೆ ಅನ್ನುವವರಿಗೆ ಹಂಪಿಯ ಕಡೆ ನೋಡಲು ಹೇಳುತ್ತೇನೆ. 2011ರ ಜುಲೈನಲ್ಲಿ ವಿರೂಪಾಕ್ಷ ಬಜಾರಿನ ಮನೆ, ಅಂಗಡಿಗಳನ್ನು ಕೆಡವಿದರು. ಪ್ರವಾಸಿಗರನ್ನು ನಂಬಿ ಅಲ್ಲೇ ಬದುಕುತ್ತಿದ್ದ ಕುಟುಂಬಗಳು ಕಡ್ಡಿರಾಂಪುರದ ಕಡೆ ಹೋಗಬೇಕಾಯಿತು. ಹೊಳೆಯಾಚೆ ವಿರೂಪಾಪುರಗಡ್ಡೆಯ ರೆಸಾರ್ಟುಗಳ ಕೇಸು ಸುಪ್ರೀಂ ಕೋರ್ಟ್ ತನಕ ಹೋಗಿ, 2020ರಲ್ಲಿ ಅವೂ ನೆಲಸಮ ಆದವು. ಅಲ್ಲಿ ಯಾರದು ಸರಿ ಅನ್ನುವುದು ದೊಡ್ಡ ವಿಷಯ. ನಾನು ಹೇಳುವುದು ಇಷ್ಟೇ, ಕಾಗದ ಇಲ್ಲದವನ ಮಾತು ಜೆಸಿಬಿ ಎದುರು ನಿಲ್ಲುವುದಿಲ್ಲ.

ಹೆಜ್ಜೆ 7: ತೋರಿಸುವುದಕ್ಕಿಂತ ಕಲಿಸಿ

ನಮ್ಮ ಕಡೆ ದೀವರು ಅನ್ನುವ ಸಮುದಾಯದ ಮನೆಗಳ ಹಸೆ ಚಿತ್ತಾರ ಈಗ ಬಹಳ ಹೆಸರಾಗಿದೆ. ಮದುವೆಗೆ ಗೋಡೆ ಮೇಲೆ ಬರೆಯುವುದು, ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಯ ಮೇಲೆ ಬರೆಯುವುದು. ಬಿಳಿಗೆ ನೆನೆಸಿದ ಅಕ್ಕಿ ಅರೆಯಬೇಕು, ಕೆಂಪಿಗೆ ಕೆಮ್ಮಣ್ಣು, ಕಪ್ಪಿಗೆ ಅಕ್ಕಿಯನ್ನೇ ಕರಿಯಾಗುವ ತನಕ ಹುರಿಯಬೇಕು, ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ನಾರಿನದು. ಭೂಮಿ ಹುಣ್ಣಿಮೆಯ ರಾತ್ರಿ ಹೆಂಗಸರು ನಿದ್ದೆ ಬಿಟ್ಟು ಅಡುಗೆ ಮಾಡಿ, ಬೆಳಗಾಗುವ ಮೊದಲು ಆ ಬುಟ್ಟಿಯಲ್ಲಿ ಚರಗ ತಗೊಂಡು ಹೋಗಿ ಗದ್ದೆ ತೋಟಕ್ಕೆ ಬೀರುತ್ತಾರೆ. ಹೊಡೆ ಬಂದ ಭತ್ತ ಬಸುರಿ, ಅವಳಿಗೆ ಬಯಕೆ ಊಟ.

ಇದನ್ನು 'ಶೋ' ಮಾಡಿ ಅಂತ ಕೇಳುವವರು ಬರುತ್ತಾರೆ. ಜನವರಿಯಲ್ಲಿ ಬಂದು ಭೂಮಿ ಹುಣ್ಣಿಮೆ ಮಾಡಿ ತೋರಿಸಿ ಅಂದವರೂ ಇದ್ದಾರೆ. ಬಸುರಿಯೇ ಇಲ್ಲದೆ ಸೀಮಂತ ಮಾಡಿದ ಹಾಗೆ. ಅದಕ್ಕೆ 'ಆಗಲ್ಲ' ಅನ್ನಿ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ, ಚಿತ್ತಾರ ಕಲಿಸುವುದಕ್ಕೆ ಹೊತ್ತಿನ ಹಂಗಿಲ್ಲ. ಬರೆಯುವ ಅಕ್ಕನ ಮನೆಯಲ್ಲಿ, ಅವರ ಬಿಡುವಿನಲ್ಲಿ, ಐದಾರು ಜನ ಕೂತು ಅರ್ಧ ದಿನ ಅಕ್ಕಿ ಅರೆಯುವುದರಿಂದ ಶುರುಮಾಡಲಿ. ಪೂರ್ತಿ ಫೀಸು ಅವರಿಗೆ. ನಾಲ್ಕು ನೇರ ಗೆರೆ ಎಳೆಯುವಷ್ಟರಲ್ಲಿ ಕೈ ನಡುಗಿದವನು ಆಮೇಲೆ ಬುಟ್ಟಿಗೆ ಚೌಕಾಸಿ ಮಾಡುವುದಿಲ್ಲ. ಇದು ನಾನು ಕಣ್ಣಾರೆ ಕಂಡದ್ದು.

ಬಣ್ಣ ಬೇಗ ಒಣಗುತ್ತದೆ ಅಂತ ಅಕ್ರಿಲಿಕ್ ಡಬ್ಬಿ ತರಿಸುವ ಆಸೆ ಆಗುತ್ತದೆ. ಮಾರುವ ಮಾಲಿಗೆ ಬೇಕಾದರೆ ಬಳಸಲಿ, ಅದು ಬರೆಯುವವರ ಇಷ್ಟ, ಆದರೆ ಕೊಳ್ಳುವವರಿಗೆ ಯಾವುದು ಯಾವುದು ಅಂತ ಹೇಳಿಬಿಡಿ. ಒಬ್ಬೊಬ್ಬರೇ ಮಾರುವುದು ಕಷ್ಟವಾದರೆ ಹೆಂಗಸರದೇ ಸಹಕಾರ ಸಂಘ ಮಾಡಿ. ಹೆಗ್ಗೋಡಿನ ಚರಕದವರು ಕೈಮಗ್ಗದ ಬಟ್ಟೆಯಲ್ಲಿ ಅದನ್ನು ಮಾಡಿ ತೋರಿಸಿದ್ದಾರೆ, ಒಂದು ದಿನ ಹೋಗಿ ನೋಡಿಕೊಂಡು ಬನ್ನಿ.

ಹೆಜ್ಜೆ 8: ಅಡುಗೆಮನೆಯಲ್ಲಿ ಇದ್ದದ್ದನ್ನೇ ಬಡಿಸಿ

ಪನೀರ್ ಬಟರ್ ಮಸಾಲಾ ಮಾಡಲು ಹೋಗಬೇಡಿ. ನಿಮಗೆ ಅದು ಬರುವುದಿಲ್ಲ, ಅವರಿಗೆ ಅದು ಬೇಕಾಗಿಯೂ ಇಲ್ಲ. ಮಳೆಗಾಲಕ್ಕೆ ಕೆಸುವಿನ ಪತ್ರೊಡೆ, ಕಳಲೆ; ಬೇಸಿಗೆಗೆ ಅಪ್ಪೆಹುಳಿ, ತಂಬುಳಿ, ಮುರುಗಲ ಹಣ್ಣಿನ ಪಾನಕ; ಆಲೆಮನೆ ಹೊತ್ತಿಗೆ ಕಬ್ಬಿನ ಹಾಲು, ತೊಡೆದೇವು. ಒಂದು ಕಾಗದದಲ್ಲಿ ಯಾವ ತಿಂಗಳು ಏನು ಸಿಗುತ್ತದೆ ಅಂತ ಬರೆದು ಕಳಿಸಿ. ಜನ ಊಟ ನೋಡಿಕೊಂಡು ತಿಂಗಳು ಆರಿಸಲು ಶುರುಮಾಡುತ್ತಾರೆ, ಎಲ್ಲರೂ ಡಿಸೆಂಬರ್ ಕೊನೆವಾರವೇ ಬಂದು ಬೀಳುವುದು ತಪ್ಪುತ್ತದೆ.

ಹೆಜ್ಜೆ 9: ಜೀವದ ವಿಷಯ

ಹಿನ್ನೀರು ಕೆರೆಯಲ್ಲ. ಕೆಳಗೆ ಮುಳುಗಿದ ಊರು, ಮರದ ಬೊಡ್ಡೆ, ಹಳೆ ಹಳ್ಳದ ಗುಂಡಿಗಳಿವೆ. ಮೊಣಕಾಲು ನೀರು ಅಂದುಕೊಂಡ ಕಡೆ ಎರಡು ಹೆಜ್ಜೆಗೆ ಆಳ ಸಿಗುತ್ತದೆ. ಲೈಫ್ ಜಾಕೆಟ್ ಇಲ್ಲದೆ, ಊರಿನವರು ಜೊತೆಯಿಲ್ಲದೆ ನೀರಿಗೆ ಇಳಿಯಲು ಬಿಡಲೇಬೇಡಿ. ಈಜು ಬರುತ್ತದೆ ಅನ್ನುವವರ ಬಗ್ಗೆಯೇ ನನಗೆ ಜಾಸ್ತಿ ಹೆದರಿಕೆ.

ಮಂಗನ ಕಾಯಿಲೆಯನ್ನು ಮುಚ್ಚಿಡಬೇಡಿ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ರೋಗ ಇದು, 2019ರಲ್ಲಿ ನಮ್ಮ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಜೀವಗಳೇ ಹೋದವು. ಹರಡುವುದು ಉಣುಗಿನಿಂದ (ಉಣ್ಣಿ). ಚಳಿಗಾಲದಿಂದ ಮಳೆ ಶುರುವಾಗುವ ತನಕ ಅದರ ಕಾಲ, ಪ್ರವಾಸಿಗರು ಜಾಸ್ತಿ ಬರುವುದೂ ಆಗಲೇ. ಮಂಗ ಸತ್ತ ಸುದ್ದಿ ಬಂದರೆ ಆ ಕಾಡಿನ ಕಡೆ ಯಾರನ್ನೂ ಕರೆದುಕೊಂಡು ಹೋಗಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಂಚಿಗೆ ಹೋಗುವವರಿಗೆ ಉದ್ದ ತೋಳಿನ ಅಂಗಿ, ಕೈಕಾಲಿಗೆ ಉಣುಗು ಹತ್ತದ ಹಾಗೆ ಹಚ್ಚುವ ಡೆಪಾ ಎಣ್ಣೆ, ವಾಪಸ್ ಬಂದ ಮೇಲೆ ಬಿಸಿನೀರ ಸ್ನಾನ. ಇದನ್ನು ಹೇಳಿದರೆ ಬುಕಿಂಗ್ ಕ್ಯಾನ್ಸಲ್ ಆಗಬಹುದು. ಆಗಲಿ, ಹೇಳಿ. ಉಂಬಳ (ಜಿಗಣೆ) ಕಚ್ಚಿದರೆ ಏನೂ ಆಗುವುದಿಲ್ಲ ಅನ್ನುವುದನ್ನೂ ಹೇಳಿ, ಯಾಕೆಂದರೆ ಅವರು ಹೆದರುವುದು ಅದಕ್ಕೆ.

ಹೆಜ್ಜೆ 10: ಫೋಟೋ, ಕಸ ಮತ್ತು ಲೊಕೇಶನ್

ಕಸಕ್ಕೆ ಒಂದೇ ಉಪಾಯ ಕೆಲಸ ಮಾಡಿದೆ. ಬಂದ ಕೂಡಲೇ ಒಂದು ಬಟ್ಟೆ ಚೀಲ ಕೊಡುತ್ತೇವೆ, ತಂದ ಪ್ಯಾಕೆಟ್ಟು, ಬಾಟಲಿ ಎಲ್ಲ ಅದರಲ್ಲಿ ತುಂಬಿಕೊಂಡು ಹೋಗಬೇಕು. ಪಂಚಾಯಿತಿ ಗಾಡಿ ವಾರಕ್ಕೊಮ್ಮೆ ಬಂದರೆ ನಮ್ಮ ಪುಣ್ಯ, ಅಲ್ವಾ. ಚೀಲ ಖಾಲಿ ವಾಪಸ್ ಕೊಟ್ಟವರನ್ನು ಅಜ್ಜಿ ವಿಚಾರಿಸಿಕೊಳ್ಳುತ್ತಾಳೆ.

ಮುಖದ ಫೋಟೋ ಕೇಳಿ ತೆಗೆಯಬೇಕು. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವವರ ಹಿಂದೆ ನಿಂತು ವಿಡಿಯೋ ಮಾಡುವುದು ಬೇಡವೇ ಬೇಡ, ಬೇಕಿದ್ದರೆ ಇಳಿದು ಒಂದು ಸಾಲು ನೆಡಲಿ. ಲೊಕೇಶನ್ ಟ್ಯಾಗ್ ಹಾಕುವಾಗ ತಾಲ್ಲೂಕಿನ ಹೆಸರು ಹಾಕಿ, ನಮ್ಮ ಹಳ್ಳದ ಪಿನ್ ಹಾಕಬೇಡಿ ಅಂತ ಕೇಳಿಕೊಳ್ಳುತ್ತೇವೆ. ಹತ್ತರಲ್ಲಿ ಏಳು ಜನ ಕೇಳುತ್ತಾರೆ.

ಕೊನೆಗೆ, ವರ್ಷಕ್ಕೊಮ್ಮೆ

ದೀಪಾವಳಿ ಮುಗಿದ ವಾರ ಊರವರು ಕಟ್ಟೆ ಮೇಲೆ ಸೇರುತ್ತೇವೆ. ಡಬ್ಬಿ ಲೆಕ್ಕ, ಬಾವಿ ಹಗ್ಗದ ಲೆಕ್ಕ, ಆಮೇಲೆ ಒಂದೇ ಪ್ರಶ್ನೆ: ಈ ವರ್ಷ ಯಾವ ಕೆಲಸದ ಹೊತ್ತು ತಪ್ಪಿತು, ಯಾರಿಗಾಗಿ ತಪ್ಪಿತು. ಉತ್ತರ ಬಂದರೆ ಮುಂದಿನ ವರ್ಷ ಆ ದಿನವೂ ಮುಚ್ಚಿದ ದಿನದ ಪಟ್ಟಿಗೆ ಸೇರುತ್ತದೆ.

ಕಳೆದ ದೀಪಾವಳಿಗೆ, ಸೇತುವೆ ಆದ ಮೇಲಿನ ಮೊದಲ ದೀಪಾವಳಿಗೆ, ಬೆಂಗಳೂರಿನಿಂದ ಒಬ್ಬರು ಫೋನ್ ಮಾಡಿದರು. ಮೂರು ಸಲ ಬಂದು ಹೋದವರು. ಕೋಣೆ ಇಲ್ಲ ಅಂದೆ. ಎರಡು ಪಟ್ಟು ಕೊಡುತ್ತೇನೆ ಅಂದರು. ದುಡ್ಡಿಗೆ ಕೋಣೆ ಇಲ್ಲ, ಸುಮ್ನೆ ಬರುವುದಾದರೆ ಬನ್ನಿ, ಕಡುಬಿನ ಎಲೆ ಒರೆಸುವ ಕೆಲಸ ಇದೆ ಅಂದೆ. ಬಂದರು. ಎಲೆ ಒರೆಸಿದರು. ದೀಪ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಹತ್ತು ಗಂಟೆಗೆ ಒಂದು ಸಲ, ಹನ್ನೆರಡಕ್ಕೆ ಒಂದು ಸಲ ಕೇಳಿ, ಆಮೇಲೆ 'ಬಂದಾಗ ಬರುತ್ತದೆ' ಅಂತ ಅವರೇ ಹೇಳಿಕೊಂಡು ಜಗಲಿಯಲ್ಲಿ ಕಂಬಳಿ ಹೊದ್ದು ಕೂತರು. ದೀಪ ಬಂದಾಗ ಮೂರು ಗಂಟೆ ಹತ್ತು ನಿಮಿಷ. ಅವರು ಕೂತಲ್ಲೇ ನಿದ್ದೆ ಹೋಗಿದ್ದರು. ಅಜ್ಜಿಯೇ ಹೋಗಿ ಎಬ್ಬಿಸಿ, ಎಣ್ಣೆ ಗಿಂಡಿಯನ್ನು ಅವರ ಕೈಗೆ ಕೊಟ್ಟಳು.